ಸ್ಟಾರ್ಟರಿನ ಹಳೇ ಪಾಯಿಂಟ್ ಬಿಸಾಡ್ಬೇಡಿ

ಮಳೆ ಹಿಡಿಯೋಕೆ ಮೊದಲು ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಪಾಯಿಂಟ್ ಬದಲಾಯಿಸಿದೆ. ಹಳೇ ಪಾಯಿಂಟ್‌ಗಳನ್ನ ಜೇಬಿಗೆ ಹಾಕ್ಕೊಂಡಿದ್ದು ನೋಡಿ ಪಕ್ಕದ ತೋಟದವರು ನಕ್ಕರು. "ಅದರಲ್ಲೂ ಟಿಕ್ ಟಿಕ್ ಮಾಡ್ತೀರಾ ಮಾರಾಯ್ರೆ?" ಅಂತ. ಹೌದು, ಮಾಡ್ತೀನಿ. ನೀವೂ ಒಂದು ಯಾಕೆ ಮಾಡ್ಬೇಕು ಅನ್ನೋದನ್ನ ಇವತ್ತು ಬರೀತೀನಿ. ಹೊರಗೆ ಜಡಿಮಳೆ, ಬೋರ್ಡೋ ಹೊಡೆಯೋ ಹಾಗಿಲ್ಲ. ಓದೋಕೆ ನಿಮಗೂ ಪುರುಸೊತ್ತು ಇರುತ್ತೆ.

2019ರ ಆಗಸ್ಟ್ ನಮ್ಮ ಕಡೆ ಯಾರಿಗೂ ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿತು, ಚಾರ್ಮಾಡಿ ಘಾಟಿ ಬಂದ್ ಆಯ್ತು. ಕರೆಂಟ್ ಹೋಯ್ತು. ಟವರಿನ ಬ್ಯಾಟರಿ ಮುಗೀತು. ಜನರೇಟರಿಗೆ ಡೀಸೆಲ್ ತರೋಣ ಅಂದ್ರೆ ರಸ್ತೆನೇ ಇಲ್ಲ. ನನ್ನ ತಮ್ಮನ ಮನೆ ಹೊಳೆಯ ಆಚೆ, ಗುಡ್ಡದ ಬುಡದಲ್ಲಿ. ಅವನು, ಹೆಂಡತಿ, ಎರಡು ಮಕ್ಕಳು ಬದುಕಿದ್ದಾರಾ ಇಲ್ವಾ ಅಂತ ಗೊತ್ತಾಗಿದ್ದು ನಾಲ್ಕನೇ ದಿನ, ಒಬ್ಬರು ನಡ್ಕೊಂಡು ಬಂದು ಹೇಳಿದ ಮೇಲೆ. ಅಮ್ಮ ಆ ಮೂರು ರಾತ್ರಿ ಜಗುಲಿಯಲ್ಲೇ ಕೂತಿದ್ರು. ನನ್ನ ಕೈಯಲ್ಲಿದ್ದ ಹದಿನೈದು ಸಾವಿರದ ಫೋನು ಟಾರ್ಚಿಗೆ ಮಾತ್ರ ಉಪಯೋಗಕ್ಕೆ ಬಂತು.

ಅದಾದ ಮೇಲೆ ಹ್ಯಾಮ್ ರೇಡಿಯೋ ಅಂದ್ರೇನು ಅಂತ ಹುಡುಕೋಕೆ ಶುರು ಮಾಡಿದೆ. 2004ರ ಸುನಾಮಿ ಟೈಮಲ್ಲಿ ಭಾರತಿ ಪ್ರಸಾದ್ ಅನ್ನೋ ಹವ್ಯಾಸಿ ರೇಡಿಯೋ ಕಾರ್ಯಕರ್ತೆ ಪೋರ್ಟ್ ಬ್ಲೇರಿನಲ್ಲಿದ್ರು. ಫೋನ್ ಲೈನ್ ಸತ್ತಾಗ ಅಂಡಮಾನಿನಿಂದ ಸುದ್ದಿ ಹೊರಗೆ ಬರೋಕೆ ಅವರ ತಂಡದ ರೇಡಿಯೋ ದಾರಿಯಾಯ್ತು. ಅದನ್ನ ಓದಿ ಪರೀಕ್ಷೆಗೆ ಕೂತೆ. ಮೊದಲು ರಿಸ್ಟ್ರಿಕ್ಟೆಡ್ ದರ್ಜೆ ಪಾಸಾದೆ, ಅದಕ್ಕೆ ಮೋರ್ಸ್ ಬೇಕಿರಲಿಲ್ಲ. ಆಮೇಲೆ ಜನರಲ್ ದರ್ಜೆ. ಅದಕ್ಕೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸ್ಬೇಕು, ಕೇಳಿ ಬರೀಬೇಕು. ಹಾಗೆ ಈ ಕೀ ನನ್ನ ಕೈಗೆ ಹತ್ತಿತು.

ಕೀ ಅಂದ್ರೆ ಏನೂ ಇಲ್ಲ, ಒಂದು ಸ್ವಿಚ್ಚು. ಒತ್ತಿದಾಗ ರೇಡಿಯೋ ಅಲೆ ಹೋಗುತ್ತೆ, ಬಿಟ್ಟಾಗ ನಿಲ್ಲುತ್ತೆ. ಸಣ್ಣ ಒತ್ತು ಚುಕ್ಕೆ, ಅದರ ಮೂರರಷ್ಟು ಉದ್ದದ ಒತ್ತು ಗೆರೆ. ನಿಮಿಷಕ್ಕೆ 8 ಪದ ಅಂದ್ರೆ ಒಂದು ಚುಕ್ಕೆಗೆ 0.15 ಸೆಕೆಂಡು. ಕಿವಿಗೆ ಡಿ, ಡಾ ಅಂತ ಕೇಳಿಸುತ್ತೆ. ಚುಕ್ಕೆ ಗೆರೆ ಬರ್ಕೊಂಡು ಬಾಯಿಪಾಠ ಮಾಡೋಕೆ ಹೋಗಬೇಡಿ, ಶಬ್ದವಾಗೇ ಕಲೀರಿ.

ನಾನು ಮಾಡಿದ ಕೀ ಹೀಗಿದೆ. ಬುಡಕ್ಕೆ ಹಲಸಿನ ಹಲಗೆ, ಆರಿಂಚು ನಾಲ್ಕಿಂಚು. ಮೇಲೆ ಹ್ಯಾಕ್‌ಸಾ ಬ್ಲೇಡಿನ ಅರ್ಧ ತುಂಡು, ಅದೇ ಸ್ಪ್ರಿಂಗು, ಅದೇ ತೋಳು. ಹಲ್ಲನ್ನ ಗ್ರೈಂಡರಿಗೆ ಕೊಟ್ಟು ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಕೈ ಕುಯ್ಯುತ್ತೆ. ಬ್ಲೇಡಿನ ಬಣ್ಣ ಕೆರೆದು ಹಾಕಿ, ಬಣ್ಣದ ಮೇಲೆ ವೈರ್ ಕಟ್ಟಿದ್ರೆ ಕರೆಂಟ್ ಹರಿಯಲ್ಲ. ಬ್ಲೇಡಿನ ತುದಿಯಲ್ಲಿರೋ ತೂತಿಗೆ ಸ್ಟಾರ್ಟರಿನ ಪಾಯಿಂಟ್ ಒಂದನ್ನ ಸಣ್ಣ ಬೋಲ್ಟಿನಲ್ಲಿ ಬಿಗಿದೆ, ಕೆಳಗೆ ಹಿತ್ತಾಳೆ ಸ್ಕ್ರೂ ಮೇಲೆ ಇನ್ನೊಂದು. ಒತ್ತೋಕೆ ಹಳೇ ಡ್ರಾಯರಿನ ಗುಬುಟು.

ಪಾಯಿಂಟ್ ಯಾಕೆ ಅಂದ್ರೆ ಅದರ ಮುಖದಲ್ಲಿ ಬೆಳ್ಳಿ ಮಿಶ್ರ ಇರುತ್ತೆ. ಬೆಳ್ಳಿ ಕಪ್ಪಾದ್ರೂ ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ಮಳೆಗಾಲದ ತೇವಕ್ಕೂ ಕೆಲಸ ಕೊಡುತ್ತೆ. ಒಂದು ಎಚ್ಚರಿಕೆ: ಹಳೇ ಪಾಯಿಂಟ್‌ಗಳಲ್ಲಿ ಕ್ಯಾಡ್ಮಿಯಂ ಇರಬಹುದು. ಕಾಯಿಸಬೇಡಿ, ಉಜ್ಜಿ ಪುಡಿ ಮೂಗಿಗೆ ತಗೋಬೇಡಿ. ನಯವಾಗಿ ಉಳಿದಿರೋದನ್ನ ಆರಿಸಿ ಹಾಗೇ ಹಾಕಿ. ಕೊಳೆ ಕೂತ್ರೆ ಎರಡು ಪಾಯಿಂಟಿನ ಮಧ್ಯೆ ಒಂದು ಬಿಳಿ ಕಾಗದ ಇಟ್ಟು, ಮೆಲ್ಲಗೆ ಒತ್ತಿ ಎಳೀರಿ. ಸಾಕು.

ಮಧ್ಯದ ಸಂದು ಮೊದಲು ಪೋಸ್ಟ್ ಕಾರ್ಡಿನಷ್ಟು ಇಡಿ. ಕೈ ಪಳಗಿದ ಮೇಲೆ ತೆಳು ಕಾಗದದಷ್ಟಕ್ಕೆ ಇಳಿಸಿ. ನನ್ನ ಮೊದಲನೇ ಕೀ ಒತ್ತಿದಂಗೆಲ್ಲ ಮೇಜಿನ ಮೇಲೆ ಜಾರ್ತಿತ್ತು. ಹಳೇ ತಕ್ಕಡಿಯ ಎರಡು ಕೆ.ಜಿ. ಬಟ್ಟನ್ನ ಹಲಗೆಗೆ ಕಟ್ಟಿದ ಮೇಲೆ ಅಲುಗಾಡಿಲ್ಲ. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಬಜರ್, ಈ ಕೀ, ಮೂರನ್ನೂ ಸಾಲಾಗಿ ಜೋಡಿಸಿದ್ರೆ ಅಭ್ಯಾಸಕ್ಕೆ ಸಾಕು. ಅದಕ್ಕೆ ಯಾವ ಲೈಸೆನ್ಸೂ ಬೇಡ. ಆದರೆ ಟ್ರಾನ್ಸ್‌ಮಿಟರಿಗೆ ಸಿಗಿಸೋಕೆ ಲೈಸೆನ್ಸ್ ಬೇಕೇ ಬೇಕು, ಅದರಲ್ಲಿ ಹುಡುಗಾಟ ಬೇಡ.

ಆಮೇಲೆ ಪ್ಯಾಡಲ್ ಕೂಡ ಮಾಡಿದೆ. ಅದರಲ್ಲಿ ಎರಡು ಬ್ಲೇಡ್ ತುಂಡು ನೆಟ್ಟಗೆ ಅಕ್ಕಪಕ್ಕ ನಿಂತಿರುತ್ತೆ. ಹೆಬ್ಬೆರಳು ಒತ್ತಿದ್ರೆ ಚುಕ್ಕೆ, ತೋರುಬೆರಳು ಒತ್ತಿದ್ರೆ ಗೆರೆ. ಅಳತೆ ನೋಡ್ಕೊಳ್ಳೋದು ಆರ್ಡುಯಿನೋ ಅನ್ನೋ ಪುಟ್ಟ ಬೋರ್ಡು. ಎರಡೂ ಹಿಂಡಿದ್ರೆ ಚುಕ್ಕೆ ಗೆರೆ ಒಂದಾದ ಮೇಲೊಂದು ಬರುತ್ತೆ. ಕೈಗೆ ಸುಸ್ತು ಕಮ್ಮಿ, ವೇಗ ಜಾಸ್ತಿ. ಆದರೂ ಮೊದಲು ನೇರ ಕೀ ಮಾಡಿ ಅಂತಲೇ ನಾನು ಹೇಳೋದು. ಹೋದ ವರ್ಷ ಜುಲೈನಲ್ಲಿ ತೇವಕ್ಕೋ ಇರುವೆಗೋ ನನ್ನ ಬೋರ್ಡ್ ಸತ್ತೇ ಹೋಯ್ತು. ಹಲಸಿನ ಹಲಗೆ ಕೀ ಎತ್ಕೊಂಡೆ, ಕಾಗದ ಎಳೆದೆ, ಐದು ನಿಮಿಷಕ್ಕೆ ಮತ್ತೆ ಶುರು.

ಈಗ ನಿಮ್ಮ ಪ್ರಶ್ನೆ ನಂಗೊತ್ತು. 2013ರಲ್ಲಿ ತಂತಿ ಸೇವೆನೇ ನಿಂತ್ಹೋಯ್ತು, ಇನ್ನೂ ಮೋರ್ಸ್ ಯಾಕೆ? ಮಾತಾಡೋ ವಾಕಿಟಾಕಿ ಇಲ್ವಾ? ಇದೆ. ವಿಕೋಪದ ಟೈಮಲ್ಲಿ ಹೆಚ್ಚು ಕೆಲಸ ಮಾಡೋದು ಅದೇ, ನಾನು ಸುಳ್ಳು ಹೇಳಲ್ಲ. ಬಯಲುಸೀಮೆಯಲ್ಲಿ ಅದು ಚೆನ್ನಾಗೇ ನಡೆಯುತ್ತೆ. ನಮ್ಮಲ್ಲಿ ಎದುರಿಗೆ ಒಂದು ಗುಡ್ಡ ಬಂದ್ರೆ ಮುಗೀತು, ಆಚೆ ಕೇಳಿಸಲ್ಲ. ಗುಡ್ಡ ದಾಟೋಕೆ ಅಲೆ ಮೇಲಕ್ಕೆ ಹೋಗಿ ಆಕಾಶದಿಂದ ವಾಪಸ್ ಬೀಳಬೇಕು. 7 ಮೆಗಾಹರ್ಟ್ಸಿನಲ್ಲಿ ಹಗಲು ಹೊತ್ತು ಅದು ಆಗುತ್ತೆ. ಇಪ್ಪತ್ತು ಮೀಟರ್ ತಂತಿಯನ್ನ ಎರಡು ಸಿಲ್ವರ್ ಓಕ್ ಮರದ ಮಧ್ಯೆ ಕಟ್ಟಿದ್ರೆ ಆಂಟೆನಾ ಆಯ್ತು. ಎತ್ತರ ಬೇಕಂತ ಇಲ್ಲ, ಮೇಲಕ್ಕೆ ಕಳಿಸೋಕೆ ತಗ್ಗಿನಲ್ಲಿದ್ರೇ ಒಳ್ಳೇದು.

ಆ ಬ್ಯಾಂಡಿನಲ್ಲಿ ಮಾತು ಕಳಿಸೋ ರೇಡಿಯೋ ದುಬಾರಿ, ಮನೇಲಿ ಕಟ್ಟೋದೂ ಕಷ್ಟ. ಮೋರ್ಸ್ ಕಳಿಸೋದನ್ನ ಕೈಬೆರಳೆಣಿಕೆ ಟ್ರಾನ್ಸಿಸ್ಟರಿನಲ್ಲಿ ಕಟ್ಟಬಹುದು. ಮಾತಿಗೆ ಸುಮಾರು 2,500 ಹರ್ಟ್ಸ್ ಅಗಲ ಬೇಕು, ಮೋರ್ಸಿಗೆ ನೂರಿನ್ನೂರು ಸಾಕು. ಶಕ್ತಿಯೆಲ್ಲ ಅಷ್ಟರಲ್ಲೇ ತುಂಬೋದ್ರಿಂದ ಐದು ವ್ಯಾಟ್ ಕೂಡ ದೂರ ಹೋಗುತ್ತೆ. ಬೈಕಿನ ಬ್ಯಾಟರಿಯಲ್ಲಿ ದಿನಗಟ್ಟಲೆ ನಡೆಯುತ್ತೆ.

ಅಂಗಡಿಯಿಂದ ತರಿಸಬಾರದಾ? ತರಿಸಿ, ಒಳ್ಳೆ ಕೀ ಸಿಗುತ್ತೆ. ಆದರೆ ನಮ್ಮ ಕಷ್ಟ ನಿಮಗೂ ಗೊತ್ತು. ಸ್ಪ್ರೇಯರ್ ಕೆಟ್ರೆ ಪೇಟೆ, ಕಳೆ ಮಿಷನ್ ಕೆಟ್ರೆ ಪೇಟೆ, ಮೊಬೈಲ್ ಕೆಟ್ರೆ ಪೇಟೆ. ಪೇಟೆ ರಸ್ತೆ ಕುಸಿದ ದಿನ ಏನು? ರೇಡಿಯೋದಲ್ಲಿ ನನಗೆ ಪೂರ್ತಿ ಅರ್ಥ ಆಗೋ ಭಾಗ ಇನ್ನೂ ಇದೊಂದೇ. ಎಲ್ಲಿ ಸಡಿಲ ಆಗುತ್ತೆ, ಎಲ್ಲಿ ತುಕ್ಕು ಬರುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಅಲ್ಲಿಂದ ಧೈರ್ಯ ಬಂದು ಆಂಟೆನಾ ಕಟ್ಟಿದೆ, ಆಮೇಲೆ ಟ್ರಾನ್ಸ್‌ಮಿಟರ್. ನೇರ ಟ್ರಾನ್ಸ್‌ಮಿಟರ್ ಕೊಂಡಿದ್ರೆ ಅದು ಈಗ ಅಟ್ಟದ ಮೇಲಿರ್ತಿತ್ತು.

ಈ ಕೀ ಇದ್ದಿದ್ರೆ 2019ರಲ್ಲಿ ತಮ್ಮನ ಸುದ್ದಿ ಸಿಗ್ತಿತ್ತಾ? ಇಲ್ಲ. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಈಗಲೂ ಇಲ್ಲ, ಅದೇ ನನ್ನ ಸಂಕಟ. ಹೋದ ಮಳೆಗಾಲದಲ್ಲಿ ಎರಡು ದಿನ ನೆಟ್‌ವರ್ಕ್ ಇಲ್ಲದಾಗ ಶಿವಮೊಗ್ಗ ಕಡೆಯ ಒಬ್ಬರ ಹತ್ರ ಇದೇ ಕೀಲಿ ಮಳೆ ಲೆಕ್ಕ ಮಾತಾಡಿದೆ. ಅವರಲ್ಲಿ ನಾಲ್ಕಿಂಚು, ನಮ್ಮಲ್ಲಿ ಏಳು. ಎರಡು ಕಿಲೋಮೀಟರ್ ದೂರದ ತಮ್ಮನ ಮನೆ ಮಾತ್ರ ಮೌನ.

ನಮ್ಮ ಹೋಬಳಿಗೆ ನಾಲ್ಕೈದು ಜನ ಸಾಕು, ಹೊಳೆಯ ಈಚೆ ಇಬ್ಬರು, ಆಚೆ ಇಬ್ಬರು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಪರೀಕ್ಷೆ ಬರೀಬಹುದು, ನಮಗಿಂತ ಬೇಗ ಕಲೀತಾರೆ. ಹೋದ ವಾರ ತಮ್ಮನ ದೊಡ್ಡ ಮಗಳು ಬಂದು ಒಂದು ಬ್ಲೇಡು ತಗೊಂಡು ಹೋಗಿದ್ದಾಳೆ. ಹಲಗೆ ಅವಳೇ ಕೊಯ್ಯಿಸ್ಕೊಳ್ತಾಳಂತೆ.

ಭಾನುವಾರ ಮಧ್ಯಾಹ್ನ ಮೇಲೆ ಮನೇಲಿರ್ತೀನಿ. ಗ್ರೈಂಡರ್ ಇದೆ, ಹಲಸಿನ ತುಂಡೂ ಇದೆ, ಕಾಫಿ ನಮ್ಮದೇ. ನಿಮ್ಮ ಸ್ಟಾರ್ಟರಿನ ಹಳೇ ಪಾಯಿಂಟ್ ಎರಡು ತಗೊಂಡು ಬನ್ನಿ.