ದೊಡ್ಡ ಡೀಸೆಲ್ ಎಸ್‌ಯುವಿ ಲೀಟರ್‌ಗೆ 15 ಕಿ.ಮೀ. ಕೊಡುತ್ತದೆಯೇ?

ಇಂಥ ಮೈಲೇಜ್ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಅಂಕಿ ಪೂರ್ತಿ ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ್ದು. ಅಲ್ಲಿ ಗಾಡಿ ಓಡುವುದು ರೋಲರ್ ಮೇಲೆ, ಎಸಿ ಆಫ್, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಸಿಲ್ಕ್ ಬೋರ್ಡ್ ಜಂಕ್ಷನ್ನಂತೂ ಇಲ್ಲವೇ ಇಲ್ಲ! ಸುಮಾರು 2 ಟನ್ ತೂಕವನ್ನು ಪ್ರತಿ ಸಿಗ್ನಲ್‌ನಲ್ಲೂ ನಿಲ್ಲಿಸಿ ಮತ್ತೆ ಎಳೆಯುವುದಕ್ಕೇ ಬಹಳಷ್ಟು ಡೀಸೆಲ್ ಬೇಕು.

ನಾವೊಂದು ಲೆಕ್ಕ ಹಾಕೋಣ. ವರ್ಷಕ್ಕೆ 12,000 ಕಿ.ಮೀ. ಓಡಾಟ, ಡೀಸೆಲ್ ಲೀಟರ್‌ಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಮೈಲೇಜ್ 15 ಇದ್ದರೆ ಖರ್ಚು 72,000 ರೂಪಾಯಿ. 10ಕ್ಕೆ ಇಳಿದರೆ 1,08,000. ವಿಮೆ, ಟೈರ್, ಸರ್ವೀಸ್ ಬೇರೆ.

ಇನ್ನೊಂದು ವಿಷಯವನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಬಿಎಸ್‌6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಅದು ಚೆನ್ನಾಗಿ ಕಾಯಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ 3 ಕಿ.ಮೀ.ನಲ್ಲಿ ಅಷ್ಟು ಕಾಯುವುದಿಲ್ಲ. ದಿನವೂ ಹೀಗೇ ಆದರೆ ಮಸಿ ಕಟ್ಟಿಕೊಂಡು ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಕಡೆಗಣಿಸಿದರೆ ರಿಪೇರಿ ದುಬಾರಿ.

ನಿಮ್ಮ ಗಾಡಿಯ ನಿಜವಾದ ಮೈಲೇಜ್ ತಿಳಿಯಬೇಕೇ? ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಅದೇ ಬಂಕ್‌ನಲ್ಲಿ ಫುಲ್ ಮಾಡಿಸಿ, ಓಡಿದ ಕಿ.ಮೀ.ಯನ್ನು ಆಗ ತುಂಬಿಸಿದ ಲೀಟರ್‌ನಿಂದ ಭಾಗಿಸಿ.