ಸೂಜಿಯನ್ನು ಗುಮ್ಮ ಮಾಡಬೇಡಿ

"ಊಟ ಮಾಡ್ತೀಯೋ, ಡಾಕ್ಟ್ರ ಹತ್ರ ಇಂಜೆಕ್ಷನ್ ಚುಚ್ಚಿಸ್ಲೋ?" ನಮ್ಮಲ್ಲಿ ಈ ಮಾತು ಕೇಳದ ಮನೆ ಅಪರೂಪ. ಹೀಗೆ ವರ್ಷಗಟ್ಟಲೆ ಹೆದರಿಸಿ, ದವಡೆಹಲ್ಲು ಹುಳುಕಾಗಿ ಕೆನ್ನೆ ಊದಿದ ದಿನ ಅದೇ ಮಗುವನ್ನು ದಂತವೈದ್ಯರ ಕುರ್ಚಿಯಲ್ಲಿ ಕೂರಿಸಿ "ಏನೂ ಆಗಲ್ಲ ಪುಟ್ಟಾ, ನೋವೇ ಇರಲ್ಲ" ಅನ್ನುತ್ತೇವೆ. ಅದು ಯಾವ ಮಾತನ್ನು ನಂಬಬೇಕು?

ಅಪ್ಪ ಅಮ್ಮಂದಿರೇ, ಬೆದರಿಕೆಯನ್ನೂ ಬಿಡಿ, ಸುಳ್ಳನ್ನೂ ಬಿಡಿ. "ಒಂಚೂರು ಚುರುಕ್ ಅನ್ನುತ್ತೆ, ಆಮೇಲೆ ತುಟಿ ಜೋಮು ಹಿಡಿಯುತ್ತೆ, ನಾನು ಇಲ್ಲೇ ಇರ್ತೀನಿ." ಇಷ್ಟು ಸಾಕು.

ವೈದ್ಯರೇ, ನೀವು ಓದದೇ ಇರುವುದೇನೂ ಇದರಲ್ಲಿಲ್ಲ. ಮೊದಲು ಹೇಳಿ, ಆಮೇಲೆ ತೋರಿಸಿ, ಆಮೇಲೆ ಮಾಡಿ ಎಂಬ ಕ್ರಮವನ್ನು ದಂತವೈದ್ಯ ಅಡಲ್‌ಸ್ಟನ್ 1959ರಲ್ಲೇ ಬರೆದಿಟ್ಟರು. ಒಸಡನ್ನು ಒರೆಸಿ ಒಣಗಿಸಿ ಜೆಲ್ ಹಚ್ಚಿದರೆ, ಮರಗಟ್ಟಲು ಒಂದೆರಡು ನಿಮಿಷ ಬೇಕು. ಹಚ್ಚಿದ ಕೈಯಲ್ಲೇ ಚುಚ್ಚಿದರೆ ಹಚ್ಚಿದ್ದೇ ದಂಡ. ಕೆನ್ನೆಯನ್ನು ಎಳೆದು ಬಿಗಿ ಹಿಡಿದು ಸಣ್ಣ ಸೂಜಿ ಇಳಿಸಿ, ಒಂದು ಮಿಲಿಲೀಟರ್ ಮದ್ದಿಗೆ ಒಂದು ನಿಮಿಷದಷ್ಟು ನಿಧಾನ ತೋರಿಸಿ. ಚುಚ್ಚಿದ್ದಕ್ಕಿಂತ, ಮದ್ದು ರಭಸದಿಂದ ನುಗ್ಗಿ ಒಳಗೆ ಒತ್ತುವುದೇ ಎಷ್ಟೋ ಸಲ ಹೆಚ್ಚು ನೋಯಿಸುತ್ತದೆ, ಅಂಗುಳಿನಲ್ಲಂತೂ ಕೇಳಲೇಬೇಡಿ. "ಎಡಗೈ ಎತ್ತು, ನಿಲ್ಲಿಸ್ತೀನಿ" ಎಂದು ಮಾತು ಕೊಡಿ. ಎತ್ತಿದಾಗ ನಿಜಕ್ಕೂ ನಿಲ್ಲಿಸಿ.

ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಸುಮ್ಮನಾಗಿಸುವುದೂ ಒಂದು ಕಾಲಕ್ಕೆ ಕಲಿಸುವ ವಿದ್ಯೆಯೇ ಆಗಿತ್ತು! ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಅದನ್ನು 2006ರಲ್ಲಿ ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು. "ಸಿಸ್ಟರ್, ಸ್ವಲ್ಪ ಕೈಕಾಲು ಹಿಡ್ಕೊಳ್ಳಿ" ಎಂಬ ಅಭ್ಯಾಸವನ್ನು ನಾವು ಯಾವಾಗ ಬಿಡುವುದು?

ಹೊರಗೆ ಬೆಂಚಿನ ತುಂಬ ಜನ ಕಾದಿರುತ್ತಾರೆ, ನಿಜ. ಆದರೆ ಬೆದರಿದ ಮಗುವಿನ ಜೊತೆ ಗುದ್ದಾಡಿ, ಕೊನೆಗೆ ಕೆಲಸವಾಗದೆ ವಾಪಸು ಕಳಿಸುವಾಗ ಹೋಗುವ ಹೊತ್ತೆಷ್ಟು? ಆ ಮಗು ದೊಡ್ಡದಾದ ಮೇಲೂ ಹಲ್ಲುನೋವು ತಡೆಯಲಾರದಷ್ಟು ಆಗುವವರೆಗೆ ನಿಮ್ಮ ಕ್ಲಿನಿಕ್ಕಿನ ಮೆಟ್ಟಿಲು ಹತ್ತದಿದ್ದರೆ ಆಶ್ಚರ್ಯವೇನು?

ಮತ್ತೆ ಅಪ್ಪ ಅಮ್ಮಂದಿರಿಗೆ: ಮನೆಗೆ ಬಂದ ಮೇಲೂ ಎರಡು ಮೂರು ಗಂಟೆ ಜೋಮು ಇರುತ್ತದೆ. ಮಗು ಗೊತ್ತಾಗದೆ ತುಟಿ ಕಚ್ಚಿ ಗಾಯ ಮಾಡಿಕೊಳ್ಳದಂತೆ ಕಣ್ಣಿಟ್ಟಿರಿ. "ಎಷ್ಟು ಅತ್ತ ಗೊತ್ತಾ!" ಎಂದು ಅಜ್ಜಿಯ ಮುಂದೆ ನಗಬೇಡಿ. ಅವನು ಕೈ ಎತ್ತಿದ್ದನ್ನು, ಡಾಕ್ಟ್ರು ನಿಲ್ಲಿಸಿದ್ದನ್ನು, ಆಮೇಲೆ ಅವನೇ ಬಾಯಿ ತೆರೆದದ್ದನ್ನು ಹೇಳಿ, ಅವನಿಗೂ ಕೇಳುವ ಹಾಗೆ.