ಮುಂಜಿಯಾದ ಹುಡುಗನ ಹಟ

ಪುಣೆಯ ಖರಾಡಿಯ ಕನ್ನಡದ ಮನೆಗಳಲ್ಲಿ ‘ಮುಂಜ್ಯಾ’ ಸಿನಿಮಾದ ಮಾತೆತ್ತಿದರೆ ಸಾಕು, ಎರಡು ಪಂಗಡವಾಗುತ್ತದೆ. 2024ರ ಜೂನ್‌ನಲ್ಲಿ ಬಂದ ಆದಿತ್ಯ ಸರ್ಪೋತದಾರರ ಈ ಹಿಂದಿ ಚಿತ್ರದಲ್ಲಿ ದೊಡ್ಡ ತಾರೆಗಳಿಲ್ಲ, ಬಜೆಟ್ಟೂ ಚಿಕ್ಕದು. ಗಳಿಕೆ ಮಾತ್ರ 100 ಕೋಟಿ ದಾಟಿತು. ಮುಂಜಿಯಾದ ಕೆಲವೇ ದಿನಗಳಲ್ಲಿ ಸತ್ತ ಹುಡುಗ ಅಶ್ವತ್ಥಮರ ಸೇರಿ ಮುಂಜ್ಯಾ ಆಗುತ್ತಾನೆಂಬುದು ಕೊಂಕಣದ ನಂಬಿಕೆ. ನಮ್ಮ ಮುಂಜಿ, ಮರಾಠಿಯ ಮುಂಜ ಒಂದೇ ಬೇರಿನ ಮಾತುಗಳು. ಹಾಗಾಗಿ ಈ ಹೆದರಿಕೆಯೂ ನಮ್ಮ ಮನೆಯದೇ ಅನ್ನಿಸುತ್ತದೆ. ಚಿತ್ರದಲ್ಲಿ ಹೀಗೆ ಮುಂಜ್ಯಾ ಆದವನು ಗೋಟ್ಯಾ. ತನಗಿಂತ ಹಿರಿಯಳಾದ ಮುನ್ನಿಯನ್ನು ಪಡೆಯಲು ಒಡಹುಟ್ಟಿದವಳನ್ನೇ ಬಲಿ ಕೊಡಹೊರಟ ಅವನು ಕೆಲವರ ಕಣ್ಣಿಗೆ ಪಾಪದ ಪ್ರೇಮಿ. ನನಗೆ ಹಾಗೆ ಕಾಣಲಿಲ್ಲ. ಮುನ್ನಿ ಮುದುಕಿಯಾದಳೆಂದು ಅವಳ ಮೊಮ್ಮಗಳನ್ನೇ ಬೇಡುವ ಹಟವನ್ನು ನಾನು ಪ್ರೀತಿ ಎನ್ನಲಾರೆ. ಅದನ್ನು ದೆವ್ವವೆಂದೇ ತೋರಿಸಿದ್ದಕ್ಕೆ ಈ ಚಿತ್ರ ನನಗೆ ಮೆಚ್ಚುಗೆ.